ಸಹಾಯ ಬೇಕು: ಬಾತಲ್–ಗ್ರಾಂಫು ದಾರಿಯಲ್ಲಿ ಜಿಮ್ನಿ ಓಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಭಾವ ಬೆಂಗಳೂರಿನಿಂದ ಜಿಮ್ನಿಯಲ್ಲಿ (ಮಾರುತಿಯ ಪುಟ್ಟ ಫೋರ್ ಬೈ ಫೋರ್ ಗಾಡಿ) ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಶಿಮ್ಲಾ, ಕಿನ್ನೌರ್ ಕಡೆಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾ ತಲುಪಿ, ಕುಂಜುಮ್ ಪಾಸ್ ದಾಟಿ ಮನಾಲಿಗೆ ಇಳಿಯುವ ಯೋಚನೆ. ಹೀಗೆ ನಿಧಾನವಾಗಿ ಎತ್ತರ ಏರಿದರೆ ದೇಹ ಒಗ್ಗುತ್ತದೆ, ಅಲ್ವಾ?

ತಲೆನೋವೆಲ್ಲ ಕುಂಜುಮ್ ಇಳಿದ ಮೇಲೆ ಸಿಗುವ, ಬಾತಲ್‌ನಿಂದ ಗ್ರಾಂಫುವರೆಗಿನ ದಾರಿಯದು. ಬರೀ ಕಲ್ಲುಗುಂಡು, ನಡುನಡುವೆ ರಸ್ತೆ ಮೇಲೇ ಹರಿಯುವ ಹಳ್ಳಗಳು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಜಾಸ್ತಿಯಾಗುತ್ತದೆ. ಕಾಜಾದಿಂದ ಬೆಳಗಿನ ಜಾವ ಹೊರಟರೆ ಸಾಕಾ, ಇಲ್ಲ ಹಿಂದಿನ ರಾತ್ರಿ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಉಳಿಯುವುದು ವಾಸಿಯಾ?

ಸಕಲೇಶಪುರದ ಕೆಸರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿ ಓಡಿಸಿ ಅಭ್ಯಾಸವಿದೆ. ಆದರೆ ನೀರಿನಡಿಯ ಉರುಟು ಕಲ್ಲಿನ ಮೇಲೆ ಹೋಗುವ ಲೆಕ್ಕವೇ ಬೇರೆ. ಅಲ್ಲಿ ಟೈರ್ ಗಾಳಿ ಎಷ್ಟಕ್ಕೆ ಇಳಿಸಿದಿರಿ? ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ) ನಿಜಕ್ಕೂ ಬೇಕಾ, ಸುಮ್ನೆ ಶೋಕಿನಾ? ಕಾಜಾ ಬಿಟ್ಟರೆ ಮನಾಲಿ ಕಡೆ ತಲುಪುವವರೆಗೆ ಪೆಟ್ರೋಲ್ ಬಂಕ್ ಇಲ್ಲ. ಅಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸಾಕಾ, ಕ್ಯಾನೂ ಇಟ್ಟುಕೊಳ್ಳಬೇಕಾ?

ದಯವಿಟ್ಟು ಸ್ವತಃ ಓಡಿಸಿದವರು ಹೇಳಿ, ವಿಡಿಯೋ ನಾವೂ ಬೇಕಾದಷ್ಟು ನೋಡಿದ್ದೇವೆ. ಅದೇ ಸಮಯಕ್ಕೆ ಹೊರಡುವ ಇನ್ನೊಂದು ಫೋರ್ ಬೈ ಫೋರ್ ಗಾಡಿಯವರಿದ್ದರೆ ಜೊತೆಗೂಡಬಹುದು. ನಮ್ಮ ಬಳಿ ಟೋ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್ ಇವೆ. ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇಲ್ಲ.