ಸವಾನ್ನಾ ಉಡದ ಸಾಕಣೆ: ಅನುಭವವುಳ್ಳವರಲ್ಲಿ ವಿನಂತಿ

ಪ್ರಶ್ನೆ (ಕೊಥ್ರೂಡ್, ಪುಣೆ): ಪರಿಚಿತರೊಬ್ಬರು ಊರು ಬಿಡುತ್ತಿರುವುದರಿಂದ ತಮ್ಮ ಸವಾನ್ನಾ ಮಾನಿಟರ್ ಎಂಬ ಆಫ್ರಿಕಾದ ಉಡದ ಮರಿಯನ್ನು ನನಗೆ ಒಪ್ಪಿಸಲು ಬಯಸಿದ್ದಾರೆ. ನನ್ನದು ಮೂರನೆಯ ಮಹಡಿಯ ಫ್ಲ್ಯಾಟ್. ಮೂರು ಅಡಿಯ ಗಾಜಿನ ತೊಟ್ಟಿಯಿದೆ. ಇಷ್ಟು ಸಾಕೇ ಎಂದು ಸಾಕಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಔಂಧ್, ಪುಣೆ): ಮೊದಲು ಕಾಗದಪತ್ರಗಳನ್ನು ಕೇಳಿ ಪಡೆಯಿರಿ. ಇಲ್ಲಿನವರು ಘೋರ್ಪಡ್ ಎನ್ನುವ ನಮ್ಮ ನೆಲದ ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಸವಾನ್ನಾ ಉಡ ಹೊರನಾಡಿನದಾದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಕಾರಣ, 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿ ಆಗಲೇಬೇಕು.

ಇನ್ನು ತೊಟ್ಟಿಯ ಮಾತು. ನಾನೂ ಗಾಜಿನ ತೊಟ್ಟಿಯಲ್ಲಿಯೇ ಆರಂಭಿಸಿದೆ, ಮರಿ ಗಾಜಿಗೆ ಮೂತಿ ಉಜ್ಜಿ ಗಾಯ ಮಾಡಿಕೊಂಡಾಗ ತಪ್ಪು ಅರಿವಾಯಿತು. ಇದು ಬಿಲ ತೋಡಿ ಬದುಕುವ ಪ್ರಾಣಿ. ಬೆಳೆದಾಗ ಮೂರು ಅಡಿ ಮುಟ್ಟುವ ಇದಕ್ಕೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪೆಟ್ಟಿಗೆಯೂ, ಬಿಲ ಕುಸಿಯದಂತೆ ತೇವಗೊಳಿಸಿ ದಮ್ಮಸು ಮಾಡಿದ ಎರಡು ಅಡಿ ಆಳದ ಮಣ್ಣು-ಮರಳಿನ ಮಿಶ್ರಣವೂ ಬೇಕು. ಒಣಗಾಳಿಯಲ್ಲಿ ಉಸಿರಾಟದೊಡನೆ ಮೈಯ ನೀರು ಹೋಗುತ್ತಲೇ ಇರುತ್ತದೆ, ಯೂರಿಕ್ ಆಮ್ಲ ಶೇಖರವಾಗಿ ಕೀಲುಗಳು ಊದಿಕೊಳ್ಳುತ್ತವೆ. ಬಿಲದ ತೇವವೇ ಅದಕ್ಕೆ ರಕ್ಷಣೆ. ಒಂದು ತುದಿಯಲ್ಲಿ ದೀಪದಡಿಯ ಕಲ್ಲಿನ ಮೇಲ್ಮೈ 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾಯಬೇಕು, ಇನ್ನೊಂದು ತುದಿ 25ರಿಂದ 28ರಲ್ಲಿ ತಂಪಾಗಿರಬೇಕು. ಶಾಖ ಸಾಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ: ಅಷ್ಟು ಹಸಿಮಣ್ಣು ಹೆಚ್ಚುಕಡಿಮೆ ಮೂರು ಟನ್ ತೂಗುತ್ತದೆ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆಂದು ವಿನ್ಯಾಸಗೊಳಿಸುತ್ತಾರೆ. ಸುಮಾರು ಮೂರು ಚದರ ಮೀಟರಿನ ಈ ಪೆಟ್ಟಿಗೆಯ ಭಾರ ಚದರ ಮೀಟರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ನಾನು ನೆಲಮಹಡಿಗೆ ಮನೆ ಬದಲಿಸಿದ್ದು ಇದೇ ಕಾರಣಕ್ಕೆ. ಮೂರನೆಯ ಮಹಡಿಯಲ್ಲಿ ಮಣ್ಣು ಕಡಿಮೆ ಮಾಡಿ ಸಾಕುವೆನೆಂದರೆ ಅದರ ಕಷ್ಟವನ್ನು ಪ್ರಾಣಿ ಅನುಭವಿಸುತ್ತದೆ, ದಯವಿಟ್ಟು ಬೇಡ.

ಉತ್ತರ (ಡೊಂಬಿವಲಿ, ಮುಂಬಯಿ ಸಮೀಪ): ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆಹಾರದ ವಿಷಯದಲ್ಲಿ ನಾನು ಎಡವಿದೆ: ವಾರಕ್ಕೆ ಮೂರು ಇಲಿ ಕೊಟ್ಟು ಕೊಬ್ಬು ಬೆಳೆಸಿದೆ. ಕಾಡಿನಲ್ಲಿ ಅದು ಮುಖ್ಯವಾಗಿ ಜೀರುಂಡೆ, ಮಿಡತೆ, ಸಹಸ್ರಪದಿ, ಬಸವನಹುಳುಗಳನ್ನು ತಿನ್ನುತ್ತದೆ. ಆದ್ದರಿಂದ ಮನೆಯಲ್ಲೇ ಬೆಳೆಸಿದ ಜಿರಳೆ, ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಮೋರಿಯ ಜಿರಳೆಯಲ್ಲಿ ಕೀಟನಾಶಕವಿರಬಹುದು. ನೆಲಮಹಡಿಯ ಜಾಗವುಳ್ಳ ಬೇರೆಯವರು ಸಿಕ್ಕುವವರೆಗೆ ಮರಿಯನ್ನು ಈಗಿರುವ ಮನೆಯಲ್ಲೇ ಉಳಿಸಿಕೊಳ್ಳುವಂತೆ ನಿಮ್ಮ ಪರಿಚಿತರನ್ನು ಕೇಳಿ; ಅಂಥವರನ್ನು ಹುಡುಕಲು ನಾನೂ ಜೊತೆಗಿರುತ್ತೇನೆ.