ಅಪ್‌ಡೇಟ್: ತಡೆದು ತಡೆದು ಬಿಡುತ್ತಿದ್ದ ರೀಲ್ ಡ್ರ್ಯಾಗ್ ಸರಿಯಾಯ್ತು

ಹತ್ತು ದಿನದ ಹಿಂದೆ ಕೇಳಿದ್ದೆ ಅಲ್ವಾ, ಮಲ್ಪೆಯಲ್ಲಿ ಗಾಳ ಹಾಕುವಾಗ ನನ್ನ 4000 ಸೈಜಿನ ಸ್ಪಿನ್ನಿಂಗ್ ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ಲೈನನ್ನು ಹಿಡಿತದಲ್ಲೇ ಬಿಡುವ ಬ್ರೇಕ್) ತಡೆದು ತಡೆದು ಬಿಡುತ್ತದೆ, ಎರಡು ಸಲ ಲೈನ್ ತುಂಡಾಯಿತು ಅಂತ. ಈಗ ಸರಿಯಾಗಿದೆ.

ಸ್ಪ್ರೇ ಎಣ್ಣೆ ಹೊಡೆದೆ, ಒಂದು ಗಂಟೆ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಸುಮ್ನೆ ಸಿಹಿನೀರಲ್ಲಿ ತೊಳೆದದ್ದೂ ಸಾಲಲಿಲ್ಲ. ಕೆಲಸ ಮಾಡಿದ್ದು ವಾಷರ್ ಬಿಚ್ಚಿ ಡ್ರ್ಯಾಗ್ ಗ್ರೀಸ್ ಹಚ್ಚಿ ಅಂದವರ ಮಾತು, ಅವರಿಗೆ ತುಂಬಾ ಥ್ಯಾಂಕ್ಸ್. ಲೈನ್ ಸುತ್ತಿರುವ ಸ್ಪೂಲಿನ ಒಳಗಿನ ತಂತಿ ರಿಂಗ್ ತೆಗೆದು ನೋಡಿದರೆ ಮೂರು ಕಾರ್ಬನ್ ವಾಷರ್, ನಡುವೆ ಸ್ಟೀಲ್ ವಾಷರ್, ಸ್ಟೀಲಿನ ಅಂಚಿನಲ್ಲೆಲ್ಲ ಉಪ್ಪು ಬಿಳಿ ಪುಡಿಯಾಗಿ ಕೂತಿತ್ತು. ಬಿಚ್ಚುವಾಗ ಒಂದೊಂದಕ್ಕೂ ಫೋಟೋ ತೆಗೆಯಿರಿ, ಜೋಡಿಸುವ ಕ್ರಮ ತಪ್ಪಿದರೆ ಡ್ರ್ಯಾಗ್ ಹಿಡಿಯುವುದಿಲ್ಲ.

ಗ್ರೀಸ್ ಜಾಸ್ತಿ ಬೇಡ. ಬೆರಳಲ್ಲಿ ಸವರಿ, ಹೆಚ್ಚಾದದ್ದನ್ನು ಒರೆಸಿ, ವಾಷರ್ ಸ್ವಲ್ಪ ಹೊಳೆದರೆ ಸಾಕು. ಹಿಡಿತ ಹೋಗಿಬಿಡುತ್ತೆ ಅಂತ ಹೆದರಿದ್ದೆ, ಹಾಗೇನೂ ಆಗಲಿಲ್ಲ.

ಗೊತ್ತಿಲ್ಲದೆ ಇದ್ದದ್ದು ಇನ್ನೊಂದು. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡುವ ನಾಬ್ ಸಡಿಲ ಮಾಡಿಡಬೇಕಂತೆ, ಬಿಗಿಯಾಗಿಟ್ಟರೆ ವಾಷರ್‌ಗಳು ಒತ್ತಿ ಅಂಟಿಕೊಳ್ಳುತ್ತವೆ. ನಾನು ವರ್ಷವಿಡೀ ಬಿಗಿಯಾಗಿಯೇ ಇಟ್ಟಿದ್ದೆ.

ನಿನ್ನೆ ಸಂಜೆ ಒಂದು ಒಳ್ಳೆ ಕೆಂಬೇರಿ ಮೀನು ಸಿಕ್ಕಿತು. ಲೈನ್ ಒಂದೇ ಸಮನೆ, ಎಲ್ಲೂ ಜಗ್ಗದೆ ಹೋಯಿತು.