‘ಮೋಂ ದಾನೆ’: ಶಾಪದ ಗುಡ್ಡವೋ, ಪಾಪಿ ಗುಡ್ಡವೋ?

ಫ್ರಾನ್ಸಿನ ಒಂದು ಬಿಳಿ ವೈನಿನ ಹೆಸರನ್ನು ಕನ್ನಡಕ್ಕೆ ತರಬೇಕಾಗಿದೆ. ನಾಲ್ಕು ದಿನದಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ನಿಮ್ಮೆಲ್ಲರನ್ನು ಕೇಳೋಣ ಅನ್ನಿಸಿತು.

ಲುವಾರ್ ನದಿಯ ಎಡದಂಡೆಯಲ್ಲಿ ಸಾನ್ಸೇರ್ ಅಂತ ಊರಿದೆ. ಅದರ ಪಕ್ಕದ ಹಳ್ಳಿ ಶಾವಿನ್ಯೋಲ್, ಆಡಿನ ಹಾಲಿನ ಚೀಸ್‌ಗೂ ಹೆಸರಾದದ್ದು. ಹಳ್ಳಿಯ ಮೇಲೆಯೇ ಕಡಿದಾದ ಗುಡ್ಡ. ಮೈತುಂಬ ಸೋವಿನ್ಯೋಂ ಬ್ಲಾಂ ದ್ರಾಕ್ಷಿ. ಸಾನ್ಸೇರಿನ ಬಿಳಿ ವೈನಿಗೆ 1936ರಲ್ಲೇ ಊರ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. ಆದರೆ ಈ ಒಂದೇ ಗುಡ್ಡದ ಹಣ್ಣಿನಿಂದ ಮಾಡಿ, ಗುಡ್ಡದ ಹೆಸರನ್ನೇ ಹಾಕಿದ ಬಾಟಲಿಗಳೂ ಇವೆ. ಆ ಹೆಸರು ‘ಲೆ ಮೋಂ ದಾನೆ’. ಫ್ರೆಂಚಿನಲ್ಲಿ ಬರೆಯುವಾಗ ‘ದಾನೆ’ಯ ನಡುವೆ ‘ಮ’ ಇದೆ, ಹೇಳುವಾಗ ಇಲ್ಲ. ಹಾಗಾಗಿ ‘ಡ್ಯಾಮ್ನೆಸ್’ ಅಂತ ಬರೆಯುವುದು ಬೇಡ.

‘ಮೋಂ’ ಅಂದರೆ ಗುಡ್ಡಗಳು. ತೊಡಕೆಲ್ಲ ‘ದಾನೆ’ಯಲ್ಲಿ. ದೇವರ ತೀರ್ಪಿನಲ್ಲಿ ನರಕಕ್ಕೆ ಬಿದ್ದವರು ಅನ್ನುವುದು ಮೂಲ ಅರ್ಥ. ಅಷ್ಟು ಕಡಿದಾದ ಏರಿನಲ್ಲಿ ಬಳ್ಳಿ ಸವರಿ, ಹಣ್ಣು ಕೊಯ್ಯುವುದು ನರಕಯಾತನೆ. ಅದಕ್ಕೇ ಈ ಹೆಸರು ಅಂತ ಅಲ್ಲಿಯವರು ಹೇಳುತ್ತಾರೆ.

ಮೊದಲು ‘ಶಾಪಗ್ರಸ್ತ ಗುಡ್ಡ’ ಅಂತ ಬರೆದೆ. ಮರುದಿನ ಓದಿದಾಗ ಸರಿ ಕಾಣಲಿಲ್ಲ. ಶಾಪ ಅಂದ ಕೂಡಲೇ ನಮಗೆ ತಲಕಾಡು ನೆನಪಾಗುತ್ತದೆ, ಅಲ್ವಾ? ಅಲಮೇಲಮ್ಮ ಶಪಿಸಿದಳು, ಊರು ಮರಳಾಯಿತು. ಶಾಪಕ್ಕೆ ಕೊಟ್ಟವರು ಇರಬೇಕು, ತಟ್ಟಿದ ಮೇಲೆ ನೆಲ ಬರಡಾಗಬೇಕು. ಇಲ್ಲಿ ಎರಡೂ ಇಲ್ಲ. ಊರಿಗೇ ಹೆಸರು ತಂದ ಫಸಲು ಈ ಗುಡ್ಡದ್ದು.

‘ಹಾಳುಗುಡ್ಡ’ ಅಂದರೆ? ಬೈಗುಳವೇನೋ ಚೆನ್ನಾಗಿ ಬರುತ್ತದೆ. ಆದರೆ ಹೆಸರಿನಲ್ಲಿ ‘ಹಾಳು’ ಬಂದರೆ ಜನ ಬಿಟ್ಟುಹೋದ ಜಾಗ ಅಂತಲೇ ಓದುತ್ತೇವೆ, ‘ಹಾಳು ಹಂಪೆ’ ಅಂದ ಹಾಗೆ. ಇನ್ನೊಂದು ಮಾತಿದೆ. ಫ್ರೆಂಚಿನಲ್ಲಿ ‘ದಾನೆ’ ಪದ ನಾಮಪದದ ಮುಂಚೆ ಬಂದರೆ ಸುಮ್ನೆ ಬೈಗುಳ, ‘ಹಾಳಾದ ನಾಯಿ’ ಅಂದ ಹಾಗೆ. ಆಮೇಲೆ ಬಂದರೆ ನರಕದ ಅರ್ಥ ಉಳಿಯುತ್ತದೆ. ಈ ಹೆಸರಿನಲ್ಲಿ ಅದು ಆಮೇಲೆ ಬಂದಿದೆ.

ಈಗ ನನ್ನ ಮನಸ್ಸು ‘ಪಾಪಿ ಗುಡ್ಡ’ದ ಕಡೆ ವಾಲಿದೆ. ನರಕಕ್ಕೆ ಹೋಗುವವನೂ ಪಾಪಿಯೇ. ‘ಈ ಪಾಪಿ ಹೊಟ್ಟೆಗಾಗಿ ಇಷ್ಟೆಲ್ಲ’ ಅಂತ ದುಡಿದು ಸುಸ್ತಾದವರು ಹೇಳುವಾಗ ಬರುವುದೂ ಅದೇ ಪದ. ಆ ಬೈಗುಳದಲ್ಲಿ ಬಿಟ್ಟಿರಲಾಗದ ನಂಟೂ ಇದೆ. ಆ ಏರಿನಲ್ಲಿ ಬೆನ್ನು ಬಗ್ಗಿಸಿದವರ ಬಾಯಲ್ಲಿ ಈ ಹೆಸರು ಹುಟ್ಟಿದ್ದರೆ, ಕನ್ನಡದಲ್ಲಿ ಹೀಗೇ ಹುಟ್ಟುತ್ತಿತ್ತು ಅನ್ನಿಸುತ್ತದೆ. ಮೂಲದ ಬಹುವಚನವನ್ನು ಬಿಟ್ಟಿದ್ದೇನೆ. ‘ಪಾಪಿ ಗುಡ್ಡಗಳು’ ಬಾಯಿಗೆ ಒಗ್ಗುವುದಿಲ್ಲ.

ಮಣ್ಣಿನ ಮಾತೂ ಇದೆ. ಅಲ್ಲಿಯವರು ಅದನ್ನು ‘ತೇರ್ ಬ್ಲಾಂಶ್’ ಅನ್ನುತ್ತಾರೆ, ಅಂದರೆ ಬಿಳಿ ಮಣ್ಣು. ಸುಣ್ಣವೂ ಜೇಡಿಯೂ ಬೆರೆತದ್ದು. ಅದರಲ್ಲಿ ಉಗುರಿನಷ್ಟು ಪುಟ್ಟ ಸಿಂಪಿಗಳು ಕಲ್ಲಾಗಿ ಕೂತಿವೆ, ಅಲ್ಪವಿರಾಮದ ಹಾಗೆ ಬಾಗಿ. ಅವುಗಳ ಶಾಸ್ತ್ರೀಯ ಹೆಸರಿನಲ್ಲಿರುವ ‘ವಿರ್ಗುಲ’ವೂ, ಫ್ರೆಂಚಿನಲ್ಲಿ ಅಲ್ಪವಿರಾಮಕ್ಕೆ ಹೇಳುವ ‘ವಿರ್ಗ್ಯೂಲ್’ ಕೂಡ ಒಂದೇ ಬೇರಿನವು. ಇದನ್ನು ‘ಸೀಮೆಸುಣ್ಣದ ಮಣ್ಣು’ ಅಂದರೆ ಓದುವವರ ಕಣ್ಣಿಗೆ ಶಾಲೆಯ ಕರಿಹಲಗೆ ಬರುತ್ತದೆ. ‘ಶೇಡಿಮಣ್ಣು’ ಅಂದರೆ ಮಲೆನಾಡಿನವರು ಗೋಡೆಯ ಮೇಲಿನ ಚಿತ್ತಾರ ನೆನೆಯುತ್ತಾರೆ; ಬಣ್ಣ ಹೊಂದುತ್ತದೆ, ಸುಣ್ಣದ ಅಂಶ ಸಿಗುವುದಿಲ್ಲ. ಸದ್ಯಕ್ಕೆ ‘ಸುಣ್ಣದ ಬಿಳಿಮಣ್ಣು’ ಅಂತ ಇಟ್ಟಿದ್ದೇನೆ.

ಸೇಡಂ, ಶಹಾಬಾದ್, ಬಾಗಲಕೋಟೆ ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ. ನಿಮ್ಮದು ಸುಣ್ಣದ ಕಲ್ಲಿನ ನೆಲ. ಹೊಲದಲ್ಲಿ ಸುಣ್ಣದ ಹರಳು ಬೆರೆತ, ನೇಗಿಲಿಗೆ ಬೆಳ್ಳಗೆ ಏಳುವ ಮಣ್ಣಿಗೆ ನಿಮ್ಮ ಹಿರಿಯರು ಏನನ್ನುತ್ತಾರೆ?